ಹಳೆ ಮಿಯಾಟಾ: ಸೀಟಿನ ಹಿಂದೆ ನೀರು, ಗೇರ್ ಹತ್ತಿರ ಬಿಸಿ. ಹೊಸ ಕಾರ್ಪೆಟ್ ಈಗಲೇ ಹಾಕಲಾ?

ಬೆಣ್ಣೆದೋಸೆ_ಪೋರ್ಟ್‌ಲ್ಯಾಂಡ್:

ಎಲ್ಲರಿಗೂ ನಮಸ್ಕಾರ. ಮೂರು ತಿಂಗಳ ಹಿಂದೆ 1992ರ ಮಾಜ್ದಾ ಮಿಯಾಟಾ (ಎರಡೇ ಸೀಟಿನ, ಮಡಚುವ ಟಾಪ್ ಇರುವ ಪುಟ್ಟ ಕಾರು) ತಗೊಂಡೆ. ಕೆಂಪು ಬಣ್ಣ, 1.6 ಲೀಟರ್, ಐದು ಗೇರ್, 1,38,000 ಮೈಲಿ ಓಡಿದೆ. ನಮ್ಮ ಬೀದಿಯ ಕೊನೆ ಮನೆ ತಾತನ ಕಾರು. ಮಂಡಿ ನೋವು, ಇಷ್ಟು ಕೆಳಗೆ ಕೂತು ಏಳೋಕೆ ಆಗಲ್ಲ ಅಂತ ಮಾರಿದರು. ನನ್ನ ಹೆಂಡತಿ ಡಿಕ್ಕಿ ತೆಗೆದು ನೋಡಿ, "ಅಕ್ಕಿ ಮೂಟೆ ಎಲ್ಲಿಡ್ತೀರಿ?" ಎಂದಳು. ಅವಳು ಹೇಳಿದ್ದು ನಿಜ. ಸ್ಪೇರ್ ಟೈರು, ಬ್ಯಾಟರಿ ಎರಡೂ ಅಲ್ಲೇ ಕೂತಿವೆ.

ಇಂಜಿನ್ ಗಡಿಯಾರದ ಹಾಗಿದೆ. ತಲೆನೋವೆಲ್ಲ ಒಳಗಡೆಯದೇ. ಇಲ್ಲಿ ಮಳೆ ಶುರುವಾಯಿತೆಂದರೆ ನಮ್ಮ ಆಗುಂಬೆಯವರೇ ಬೇಜಾರಾಗುವಷ್ಟು ದಿನ ಜಿಟಿಜಿಟಿ. ಅಕ್ಟೋಬರ್‌ನಲ್ಲಿ ಎರಡು ದಿನ ಕಾರು ಹೊರಗೆ ನಿಂತಿತ್ತು. ಬಾಗಿಲು ತೆಗೆದರೆ ಒದ್ದೆ ಗೋಣಿಚೀಲದ ವಾಸನೆ. ಸೀಟಿನ ಹಿಂದಿನ ಕಾರ್ಪೆಟ್ ಒತ್ತಿದರೆ ಅಂಗೈ ತುಂಬ ನೀರು. ಪಕ್ಕದ ಸೀಟಿನ ಕಾಲಡಿಯೂ ಒದ್ದೆ. ಮೇಲಿನ ಬಟ್ಟೆ ಟಾಪ್ ಎಲ್ಲೂ ಹರಿದಿಲ್ಲ, ಟಾರ್ಚ್ ಹಾಕಿ ನೋಡಿದೆ.

ನಾನು ಎಂ-ಸೀಲ್ ಮನೆತನದವನು. ದಾವಣಗೆರೆಯಲ್ಲಿ ಅಪ್ಪನ ಪದ್ಮಿನಿ ಎಲ್ಲಿ ಸೋರಿದರೂ ಎಂ-ಸೀಲ್ ಒಂದೇ ಮದ್ದು. ಅದೇ ಅಭ್ಯಾಸದಲ್ಲಿ ಟಾಪ್‌ನ ಹೊಲಿಗೆ ಉದ್ದಕ್ಕೂ ಸಿಲಿಕೋನ್ ಬಳಿದೆ. ಏನೂ ಆಗಲಿಲ್ಲ. ಈಗ ಹೊಲಿಗೆ ನೋಡೋಕೂ ಅಸಹ್ಯ.

ಇನ್ನೂ ಇದೆ. ಅರ್ಧ ಗಂಟೆ ಓಡಿಸಿದರೆ ಗೇರ್ ಲಿವರ್ ಸುತ್ತ ಬಿಸಿ ಗಾಳಿ, ಜೊತೆಗೆ ಸುಟ್ಟ ಎಣ್ಣೆ ವಾಸನೆ. ಎಡಗಡೆ ಕಿಟಕಿ ಮೇಲೆ ಬರೋಕೆ ಹನ್ನೊಂದು ಸೆಕೆಂಡ್ (ಎಣಿಸಿದ್ದೇನೆ). ನಾನು ಆರಡಿ ಒಂದಿಂಚು, ತಲೆ ಟಾಪ್‌ಗೆ ತಾಗುತ್ತದೆ.

ನನ್ನ ಪ್ಲಾನ್: ಹೊಸ ಕಾರ್ಪೆಟ್ ಸೆಟ್, ಸೀಟಿಗೆ ಚರ್ಮದ ಕವರ್, ಮರದ ಸ್ಟೀರಿಂಗ್. ಒಟ್ಟು 900 ಡಾಲರ್ ಎತ್ತಿಟ್ಟಿದ್ದೇನೆ. ಕಾರ್ಪೆಟ್ ಹಾಕೋಕೆ ಮಾತ್ರ ಇಲ್ಲೊಂದು ಅಂಗಡಿಯವರು 600 ಕೇಳಿದರು, ಅದಕ್ಕೆ ನಾನೇ ಮಾಡೋಣ ಅಂತ. ಯಾವುದರಿಂದ ಶುರು ಮಾಡಲಿ?

ಹತ್ತರ_ಸ್ಪ್ಯಾನರ್:

ಗುರುಗಳೇ, ಕಾರ್ಪೆಟ್ ಆರ್ಡರ್ ಮಾಡಿದ್ದರೆ ಇವತ್ತೇ ಕ್ಯಾನ್ಸಲ್ ಮಾಡಿ. ನಾನು ಸ್ಯಾನ್ ಹೋಸೆಯಲ್ಲಿ ಇದೇ ಮಾಡೆಲ್ ಇಟ್ಟುಕೊಂಡು ಹದಿನೆಂಟು ವರ್ಷ ಆಯಿತು. ನಿಮ್ಮ ಟಾಪ್ ಸೋರುತ್ತಿಲ್ಲ. ನಿಮ್ಮ ಮೋರಿ ಕಟ್ಟಿಕೊಂಡಿದೆ.

ಈ ಕಾರಿನಲ್ಲಿ ಟಾಪ್ ಮೇಲೆ ಬಿದ್ದ ನೀರು ಹಿಂದಕ್ಕೆ ಜಾರಿ, ಒಳಗಡೆ ಇರುವ ಒಂದು ರಬ್ಬರ್ ದೋಣಿಯಲ್ಲಿ ಸೇರುತ್ತದೆ. ನಮ್ಮ ಹೆಂಚಿನ ಮನೆಯ ದಂಬೆ ಇದ್ದ ಹಾಗೆ. ಅಲ್ಲಿಂದ ಎರಡೂ ಪಕ್ಕ, ಸೀಟ್ ಬೆಲ್ಟ್ ಗೂಡಿನ ಹಿಂದೆ ಇರುವ ತೂತಿಗೆ ಇಳಿದು, ಹಿಂದಿನ ಚಕ್ರದ ಸ್ವಲ್ಪ ಮುಂದೆ ನೆಲಕ್ಕೆ ಬೀಳಬೇಕು. ಎಲೆ, ಪೈನ್ ಸೂಜಿ, ಮಣ್ಣು ಸೇರಿ ಆ ತೂತು ಮುಚ್ಚಿಕೊಳ್ಳುತ್ತದೆ. ಆಗ ದೋಣಿ ತುಂಬಿ ನೀರು ಒಳಗೆ ಚೆಲ್ಲುತ್ತದೆ. ಕಾರು ಮುಂದಕ್ಕೆ ವಾಲಿ ನಿಂತಿದ್ದರೆ ಕಾಲಡಿಗೂ ಹೋಗುತ್ತದೆ. ಅಂಗಳ ಇಳಿಜಾರಿದೆಯಾ?

ಟಾಪ್ ಅರ್ಧ ಎತ್ತಿ, ಒಂದು ಲೋಟ ನೀರು ಆ ಮೂಲೆಗೆ ಹಾಕಿ. ಯಾರನ್ನಾದರೂ ಚಕ್ರದ ಹತ್ತಿರ ಕೂರಿಸಿ. ತಕ್ಷಣ ಕೆಳಗೆ ಬಿದ್ದರೆ ನಾನು ಹೇಳಿದ್ದು ತಪ್ಪು. ಬೀಳಲ್ಲ ಬಿಡಿ. ಬಿಡಿಸೋಕೆ ಹುಲ್ಲು ಕತ್ತರಿಸುವ ಮಷೀನಿನ ದಪ್ಪ ನೈಲಾನ್ ದಾರ ಸಾಕು. ಕೋಟ್ ಹ್ಯಾಂಗರ್ ತಂತಿ ಹಾಕಬೇಡಿ. ಒಳಗಿನ ಪೈಪ್ ತೂತಾದರೆ ನೀರು ಬಾಡಿಯ ಒಳಗೇ ನಿಂತು ಬಾಗಿಲ ಕೆಳಗಿನ ಪಟ್ಟಿ ತುಕ್ಕು ಹಿಡಿಯುತ್ತದೆ. ಆಮೇಲೆ ವೆಲ್ಡಿಂಗ್, ಅಂದರೆ ನಿಮ್ಮ 900 ಡಾಲರ್ ಗೋವಿಂದ.

ಇನ್ನೊಂದು. ಪಕ್ಕದ ಸೀಟಿನ ಕಾಲಡಿ ಕಾರ್ಪೆಟ್ ಕೆಳಗೆ, ತಗಡಿನ ಮುಚ್ಚಳದ ಹಿಂದೆ ಇಂಜಿನ್ ಕಂಪ್ಯೂಟರ್ ಇದೆ. ಅದಕ್ಕೇ ಇದು ಅರ್ಜೆಂಟ್. ಕಾರ್ಪೆಟ್ ಕೆಳಗಿನ ದಪ್ಪ ಪ್ಯಾಡ್ ವಾರಗಟ್ಟಲೆ ನೀರು ಹಿಡಿದಿಡುತ್ತದೆ. ಮೇಲೆ ಕೈಯಾಡಿಸಿ ಒಣಗಿದೆ ಅಂತ ನಂಬಬೇಡಿ. ಪೂರ್ತಿ ತೆಗೆದು ಒಣಗಿಸಿ. ಸೀಟು ಒಂದಕ್ಕೆ ನಾಲ್ಕೇ ಬೋಲ್ಟ್, ಹದಿನಾಲ್ಕರ ಸಾಕೆಟ್.

ಗೇರ್ ಬಿಸಿಗೆ ಕಾರಣ ಲಿವರ್ ಕೆಳಗಿನ ರಬ್ಬರ್ ಬೂಟ್ (ಬುಡ ಮುಚ್ಚುವ ರಬ್ಬರ್ ಹೊದಿಕೆ) ಹರಿದಿರುವುದು. ದೊಡ್ಡದೊಂದು, ಅದರ ಕೆಳಗೆ ಚಿಕ್ಕದೊಂದು. ಮೂವತ್ತು ವರ್ಷದ ರಬ್ಬರ್, ಪಾಪ ಇನ್ನೆಷ್ಟು ತಾಳುತ್ತದೆ? ಎರಡೂ ಬದಲಿಸಿ. ಲಿವರ್ ತುದಿಯ ನೈಲಾನ್ ಬುಷ್ ಕೂಡ. ಲಿವರ್ ಕೂರುವ ಗುಂಡಿಯಲ್ಲಿ ಗೇರ್‌ಬಾಕ್ಸ್‌ನದಲ್ಲದ ಬೇರೆ ಎಣ್ಣೆ ಇರುತ್ತದೆ. ಹಳೆಯದನ್ನು ಸಿರಿಂಜಿನಲ್ಲಿ ಎಳೆದು, ಹೊಸ 75ಡಬ್ಲ್ಯು-90 ಗೇರ್ ಎಣ್ಣೆ ಸುಮಾರು 80 ಮಿಲೀ ಹಾಕಿ. ಕನ್ಸೋಲ್ (ಎರಡು ಸೀಟಿನ ನಡುವಿನ ಪ್ಲಾಸ್ಟಿಕ್ ಪೆಟ್ಟಿಗೆ) ಎತ್ತುವಾಗ ಕಿಟಕಿ ಸ್ವಿಚ್ಚಿನ ವೈರ್ ಅದರಲ್ಲೇ ಇದೆ, ಜಗ್ಗಬೇಡಿ.

ಮರದ ಸ್ಟೀರಿಂಗ್ ಚೆಂದವೇ. ಆದರೆ ಈಗಿರುವುದರಲ್ಲಿ ಏರ್‌ಬ್ಯಾಗ್ ಇದೆ. ನಾನು ತೆಗೆದಿಲ್ಲ, ತೆಗೆಯಿರಿ ಅಂತ ಹೇಳುವುದೂ ಇಲ್ಲ.

ರಾಲಿ_ಟೈಲರ್:

ಮೇಲಿನವರು ಹೇಳಿದ್ದಕ್ಕೆ ನನ್ನದೂ ಒಂದು ಓಟು. ಸೀಟಿನ ಬಗ್ಗೆ ಹೇಳ್ತೀನಿ, ನನ್ನ ಗಂಡನೂ ನಿಮ್ಮಷ್ಟೇ ಉದ್ದ.

ಚರ್ಮದ ಕವರ್ ಹಾಕೋಕೆ ಮುಂಚೆ ಒಳಗಿನ ಫೋಮ್ ಕಡಿಮೆ ಮಾಡಿ. ಕವರ್ ತಂತಿ ಉಂಗುರಗಳಲ್ಲಿ ಸಿಕ್ಕಿಸಿರುತ್ತಾರೆ, ಕಟಿಂಗ್ ಪ್ಲೈಯರ್‌ನಲ್ಲಿ ಕತ್ತರಿಸಿ. ವಾಪಸ್ ಹಾಕೋಕೆ ಅದಕ್ಕೇ ಅಂತ ಇರುವ ಬಾಗಿದ ಮೂತಿಯ ಇಕ್ಕಳ ತಗೊಳ್ಳಿ, ಬರೀ ಕೈಯಲ್ಲಿ ಹೋರಾಡಬೇಡಿ. ಫೋಮ್ ಕತ್ತರಿಸೋಕೆ ಹಲ್ಲಿರುವ ಬ್ರೆಡ್ ಚಾಕು. ಕೆಳಗಿನಿಂದ ಅರ್ಧ ಅರ್ಧ ಇಂಚು ತೆಗೆದು, ಕೂತು ನೋಡಿ, ಮತ್ತೆ ತೆಗೆಯಿರಿ. ನಾವು ಒಂದೇ ಸಲ ಎರಡು ಇಂಚು ತೆಗೆದು ಆರು ತಿಂಗಳು ಹಲಗೆ ಮೇಲೆ ಕೂತ ಹಾಗೆ ಓಡಾಡಿದೆವು.

ಕಿಟಕಿ ನಿಧಾನ ಅಂದಿರಲ್ಲ, ಮೊದಲು ಗಾಜು ಜಾರುವ ರಬ್ಬರ್ ಪಟ್ಟಿಗೆ ಸಿಲಿಕೋನ್ ಸ್ಪ್ರೇ ಹೊಡೆಯಿರಿ. ಅದಕ್ಕೂ ಬಗ್ಗದಿದ್ದರೆ ಮಾತ್ರ ಬಾಗಿಲ ಪ್ಯಾನೆಲ್ ತೆಗೆದು ಹಳಿಗೆ ಗ್ರೀಸ್. ಅದರ ಹಿಂದಿನ ಪ್ಲಾಸ್ಟಿಕ್ ಹಾಳೆ ಹರಿಯದ ಹಾಗೆ ನೋಡಿಕೊಳ್ಳಿ. ಹರಿದರೆ ಬಾಗಿಲೊಳಗಿನ ನೀರು ಈಚೆ ಬಂದು, ಪ್ಯಾನೆಲ್‌ನ ರಟ್ಟು ಹಪ್ಪಳದ ಹಾಗೆ ಉಬ್ಬುತ್ತದೆ.

ಚಳಿಯಲ್ಲಿ ಟಾಪ್ ಮಡಚಬೇಕಾದರೆ ಹಿಂದಿನ ಪ್ಲಾಸ್ಟಿಕ್ ಕಿಟಕಿಯ ಜಿಪ್ ಮೊದಲು ಬಿಚ್ಚಿ. ಇಲ್ಲಾಂದ್ರೆ ಒಂದು ದಿನ ಟಪ್ ಅನ್ನುತ್ತದೆ.

ಸುಮ್ನೆ_ನೋಡೋನು:

ಇಷ್ಟೆಲ್ಲ ತಾಪತ್ರಯ ಯಾಕೆ ಸ್ವಾಮಿ? ಮಾರಿ ಹೊಸದೊಂದು ಕೊರೊಲಾ ತಗೊಳ್ಳಿ. ಪಾರ್ಟ್ಸ್ ಸಿಗುತ್ತಾ ಇದಕ್ಕೆಲ್ಲ?

ಹತ್ತರ_ಸ್ಪ್ಯಾನರ್:

ಸಿಗುತ್ತೆ. 2017ರಲ್ಲಿ ಮಾಜ್ದಾದವರೇ ಜಪಾನಿನಲ್ಲಿ ಈ ಮೊದಲ ತಲೆಮಾರಿನ ಕಾರಿಗೆ ರಿಪೇರಿ ಸೇವೆ ಘೋಷಿಸಿ, ಟಾಪ್, ನಾರ್ಡಿ ಕಂಪನಿಯ ಮರದ ಸ್ಟೀರಿಂಗ್ ಎಲ್ಲ ಮತ್ತೆ ಮಾಡಿಸೋಕೆ ಶುರು ಮಾಡಿದರು. ಕೊರೊಲಾದಲ್ಲಿ ಹೆಡ್‌ಲೈಟ್ ಕಪ್ಪೆ ಕಣ್ಣಿನ ಹಾಗೆ ಎದ್ದು ನಿಲ್ಲುತ್ತಾ, ಹೇಳಿ?

ಬೆಣ್ಣೆದೋಸೆ_ಪೋರ್ಟ್‌ಲ್ಯಾಂಡ್:

ಎಲ್ಲರಿಗೂ ದೊಡ್ಡ ಥ್ಯಾಂಕ್ಸ್. ಎರಡು ವಾರದ ವರದಿ ಒಪ್ಪಿಸ್ತಿದ್ದೇನೆ.

ಅಂಗಳ ಇಳಿಜಾರೇ ಸರ್, ಕಾರಿನ ಮೂತಿ ರಸ್ತೆ ಕಡೆಗೆ ವಾಲಿರುತ್ತದೆ. ಲೋಟ ನೀರಿನ ಪರೀಕ್ಷೆಗೆ ಮಗಳನ್ನು ಚಕ್ರದ ಹತ್ತಿರ ಕೂರಿಸಿದೆ. ಎಡಗಡೆ "ಬಂತು ಪಪ್ಪಾ" ಎಂದಳು. ಬಲಗಡೆ ಎರಡು ಲೋಟ ಹಾಕಿದರೂ ಸದ್ದಿಲ್ಲ. ನೈಲಾನ್ ದಾರ ಮನೆಯಲ್ಲಿರಲಿಲ್ಲ. ಅಂಗಡಿಗೆ ಹೋಗುವಷ್ಟು ತಾಳ್ಮೆಯೂ ಇರಲಿಲ್ಲ. ಅಮ್ಮ ಸೂಟ್‌ಕೇಸಿನಲ್ಲಿ ತಂದಿದ್ದ ತೆಂಗಿನ ಪೊರಕೆಯಿಂದ ಎರಡು ಕಡ್ಡಿ ಎಳೆದೆ. ಚೆನ್ನಾಗಿ ಬಾಗುತ್ತದೆ, ಆದರೆ ಮೊದಲನೆಯದು ಒಳಗೇ ಮುರಿಯಿತು. ಬೈಬೇಡಿ. ಆಮೇಲೆ ಬುದ್ಧಿ ಬಂದು ನೈಲಾನ್ ದಾರವೇ ತಂದು, ಕೆಳಗಿನಿಂದಲೂ ಮೇಲಿನಿಂದಲೂ ಆಡಿಸಿದೆ. ಕಪ್ಪು ಕೆಸರು, ಪೈನ್ ಸೂಜಿ, ನನ್ನ ಕಡ್ಡಿ, ಕೊನೆಗೆ ಒಂದು ಬಟಾಣಿಯಷ್ಟು ಸಿಲಿಕೋನ್ ಉಂಡೆ. ಹೌದು, ನಾನೇ ಬಳಿದದ್ದು. ಬಲಗಡೆ ಮೋರಿಗೆ ಕೊನೆಯ ಮುಚ್ಚಳ ನನ್ನ ಕೈಯದೇ.

ಸೀಟು, ಕನ್ಸೋಲ್, ಕಾರ್ಪೆಟ್ ಎಲ್ಲ ಹೊರಗೆ. ಪ್ಯಾಡ್ ಗ್ಯಾರೇಜಿನ ಹಗ್ಗದ ಮೇಲೆ ಐದು ದಿನ ತೊಟ್ಟಿಕ್ಕಿತು. ಕಂಪ್ಯೂಟರಿನ ತಗಡಿನ ಮುಚ್ಚಳದ ಮೇಲೆ ನೀರಿನ ಕಲೆ ಇದೆ, ಒಳಗೆ ಒಣಗಿಯೇ ಇದೆ. ಬಲಗಡೆ ನೆಲದಲ್ಲಿ ಅಂಗೈ ಅಗಲ ತುಕ್ಕು, ಮೇಲುಮೇಲಿನದು. ತಂತಿ ಬ್ರಷ್ ಹಾಕಿ, ತುಕ್ಕು ತಡೆಯುವ ಪ್ರೈಮರ್ ಎರಡು ಕೋಟ್ ಹೊಡೆದೆ.

ಗೇರಿನ ಚಿಕ್ಕ ಬೂಟ್ ಮುಟ್ಟಿದರೆ ಪುಡಿಯಾಯಿತು. ಗುಂಡಿಯಲ್ಲಿ ಎಣ್ಣೆಯೇ ಇರಲಿಲ್ಲ, ಕಾಡಿಗೆ ಥರ ಏನೋ ಇತ್ತು. ಹೊಸ ಬೂಟು, ಬುಷ್, ಎಣ್ಣೆ ಹಾಕಿದ ಮೇಲೆ ಎರಡನೇ ಗೇರ್ ಬೀಳುವ ರೀತಿಯೇ ಬೇರೆ. ಬಿಸಿ ನಿಂತಿದೆ. ಕಿಟಕಿ ಸ್ಪ್ರೇಯಲ್ಲೇ ಆರು ಸೆಕೆಂಡಿಗೆ ಬಂತು. ಫೋಮ್ ಒಂದು ಇಂಚು ತೆಗೆದು ನಿಲ್ಲಿಸಿದ್ದೇನೆ ಅಕ್ಕಾ, ಕೂದಲು ಮಾತ್ರ ತಾಗುತ್ತದೆ, ತಲೆ ತಾಗುವುದಿಲ್ಲ. ಖರ್ಚು ಇಲ್ಲಿಯವರೆಗೆ 140 ಡಾಲರ್ ಚಿಲ್ಲರೆ.

ಹಳೆ ಕಾರ್ಪೆಟನ್ನೇ ಸೋಪು ಹಾಕಿ ತೊಳೆದೆ. ಬೂದು ಅಂದುಕೊಂಡಿದ್ದೆ, ಕಪ್ಪು ಬಣ್ಣ ಈಚೆ ಬಂತು. ವಾಸನೆ ಪೂರ್ತಿ ಹೋಗಿಲ್ಲ. ಒಂದು ಪ್ರಶ್ನೆ: ಹೊಲಿಗೆ ಮೇಲಿನ ಸಿಲಿಕೋನ್ ಬಟ್ಟೆ ಹಾಳಾಗದ ಹಾಗೆ ತೆಗೆಯೋದು ಹೇಗೆ?

ರಾಲಿ_ಟೈಲರ್:

ಥಿನ್ನರ್ ಗಿನ್ನರ್ ಹಚ್ಚಬೇಡಿ, ಬಟ್ಟೆ ಬಣ್ಣ ಹೋಗುತ್ತದೆ. ಉಗುರಲ್ಲಿ ಒಂದು ತುದಿ ಎಬ್ಬಿಸಿ, ದಿನಕ್ಕೆ ಸ್ವಲ್ಪ ಸ್ವಲ್ಪ ಉಜ್ಜಿ ಸುರುಳಿ ಮಾಡಿ ತೆಗೆಯಿರಿ. ಬೇಸಿಗೆ ಬರುವಷ್ಟರಲ್ಲಿ ಮುಗಿಯುತ್ತದೆ. ವಾಸನೆಗೆ ಅಡುಗೆ ಸೋಡಾ ಉದುರಿಸಿ ಒಂದು ರಾತ್ರಿ ಬಿಟ್ಟು ವ್ಯಾಕ್ಯೂಮ್ ಮಾಡಿ. ಪ್ಯಾಡ್ ಪೂರ್ತಿ ಒಣಗಿದ ಮೇಲೆ.