ಚಾಲಿ ಇನ್ನೂ ಅಂಗಳದಲ್ಲಿದೆ: ಈ ವಾರ ಶಿರಸಿ ಕಡೆ ಮಳೆ ಬರುತ್ತದೆಯೇ?

ಹುಲೇಕಲ್ ತೋಟದವಳು, ಮಂಗಳವಾರ ಬೆಳಿಗ್ಗೆ

ಎಲ್ಲರಿಗೂ ನಮಸ್ಕಾರ. ಶಿರಸಿಯಿಂದ ಹುಲೇಕಲ್ ಕಡೆಗೆ ಹೋಗುವ ದಾರಿಯಲ್ಲಿ ನಮ್ಮ ಊರು. ಕೊನೆಯ ಕೊಯ್ಲಿನ ಚಾಲಿ, ಅಂದರೆ ಸಿಪ್ಪೆಸಹಿತ ಬಿಸಿಲಿಗೆ ಒಣಗಿಸುವ ಹಣ್ಣಡಿಕೆ, ಅಂಗಳದಲ್ಲೇ ಇದೆ. ಮೊದಲು ಹರವಿದ್ದು ಅಲ್ಲಾಡಿಸಿದರೆ ಗಲಗಲ ಎನ್ನುತ್ತದೆ, ಒಳಗೆ ಸೇರಿಸಬಹುದು. ಬಾವಿಯ ಬದಿಗೆ ಹರವಿದ್ದಕ್ಕೆ ಇನ್ನೂ ಹತ್ತು ಹನ್ನೆರಡು ಬಿಸಿಲಾದರೂ ಬೇಕು. ಜೊತೆಗೆ ಚಾಪೆಗಳ ಮೇಲೆ ಕಾಳುಮೆಣಸು, ಅತ್ತೆ ನಿನ್ನೆಯಷ್ಟೇ ಒತ್ತಿದ ಹಲಸಿನ ಹಪ್ಪಳ.

ಈಚೆಗೆ ಬೆಳಗಿನ ಜಾವ ತೋಟದಲ್ಲಿ ಮಂಜು ಕವಿಯುತ್ತಿದೆ, ಒಂಬತ್ತು ಗಂಟೆಗೆಲ್ಲ ಕರಗಿ ಉರಿಬಿಸಿಲು. ಮಧ್ಯಾಹ್ನ ಸೆಕೆ ತಡೆಯಲಾಗದು, ಮರದ ಎಲೆ ಅಲುಗಾಡುವುದಿಲ್ಲ. ಸಂಜೆ ಮೂಡಲಿನಲ್ಲಿ ಮೋಡ ಎದ್ದು, ಗುಡುಗಿ, ಹಾಗೆಯೇ ಚದುರಿ ಹೋಗುತ್ತದೆ. ಮೊಬೈಲಿನಲ್ಲಿ ಗುರುವಾರ, ಶುಕ್ರವಾರಕ್ಕೆ ಶೇಕಡಾ 60 ಎಂದು ಮಳೆಯ ಗುರುತು ತೋರಿಸುತ್ತಿದೆ. ಟಿ.ವಿ.ಯಲ್ಲಿ ಹೇಳಿದ್ದು ಬೇರೆ: ಕರಾವಳಿಯ ಒಂದೆರಡು ಕಡೆ ಗುಡುಗು ಸಹಿತ ಹಗುರ ಮಳೆ, ದಕ್ಷಿಣ ಒಳನಾಡಿನ ಕೆಲವು ಕಡೆ ಮಳೆ. ಘಟ್ಟದ ಮೇಲಿನ ನಾವು ಇದರಲ್ಲಿ ಯಾವುದಕ್ಕೆ ಸೇರಿದವರು? ಮಾವ ಮಾತ್ರ, 'ಅಶ್ವಿನಿ ಹುಟ್ಟಿದೆ, ಬರದೆ ಇರುವುದಿಲ್ಲ' ಎನ್ನುತ್ತಿದ್ದಾರೆ.

ಹಗಲು ಮನೆಯಲ್ಲಿ ಇರುವವರು ಅತ್ತೆ, ಮಾವ, ನಾನು. ಮಾವನಿಗೆ ಮೊಣಕಾಲು ನೋವು. ಕರೆದ ಹೊತ್ತಿಗೆ ಆಳು ಸಿಗುವ ಕಾಲ ಇದಲ್ಲ. ಎಲ್ಲವನ್ನೂ ಬಳಿದು ಒಳಗೆ ಹಾಕಲು ಒಂದೂವರೆ ಗಂಟೆ ಬೇಕು. ಸುಮ್ಮನೆ ತಾಡಪಾಲು ಮುಚ್ಚಿಟ್ಟರೆ ಈ ಸೆಕೆಗೆ ಅಡಿಗೆ ಬೆವರಿ ಬೂಷ್ಟು ಹಿಡಿಯುತ್ತದೆ. ಮಳೆಗೆ ನೆನೆದು ಬಣ್ಣ ಕೆಟ್ಟರೆ ಚಾಲಿಯ ದರ ಹೋಗಿ ಕಡಿಮೆ ದರದ ಬಿಳೆಗೋಟು, ಕೋಕಾದ ಸಾಲಿಗೆ ಇಳಿಯುತ್ತದೆ. ವರ್ಷವಿಡೀ ಮಾಡಿದ ಕೆಲಸ ಅದು. ಈಗಲೇ ಒಳಗೆ ಹಾಕಲೇ, ಕಾಯಲೇ? ತಿಳಿದವರು ದಯವಿಟ್ಟು ಹೇಳಿ.

ಬನವಾಸಿ ಅನಾನಸ್, ಮಂಗಳವಾರ ಮಧ್ಯಾಹ್ನ

ತಂಗಿ, ಟಿ.ವಿ.ಯ ಮಾತಿನಿಂದಲೇ ಶುರುಮಾಡುತ್ತೇನೆ. ಹವಾಮಾನ ಇಲಾಖೆ ಕರ್ನಾಟಕವನ್ನು ಮೂರು ಭಾಗ ಮಾಡಿಕೊಂಡಿದೆ: ಕರಾವಳಿ, ಉತ್ತರ ಒಳನಾಡು, ದಕ್ಷಿಣ ಒಳನಾಡು. ಜಿಲ್ಲೆಯ ಲೆಕ್ಕದಲ್ಲಿ ಹಂಚಿರುವುದರಿಂದ ಉತ್ತರ ಕನ್ನಡ ಇಡಿಯಾಗಿ ಕರಾವಳಿಗೆ ಸೇರುತ್ತದೆ. ಕಾರವಾರದ ಕಡಲತೀರ, ಸುಮಾರು 600 ಮೀಟರ್ ಎತ್ತರದ ಶಿರಸಿ, ಬಯಲುಸೀಮೆಗೆ ಅಂಟಿಕೊಂಡ ಮುಂಡಗೋಡ, ಎಲ್ಲಕ್ಕೂ ಒಂದೇ ಹೆಸರು. ಮಳೆಗಾಲದಲ್ಲಿ ಅದರಿಂದ ದೊಡ್ಡ ತೊಂದರೆಯಿಲ್ಲ, ಆಗ ಮಳೆ ಹೇಗೂ ಕಡಲಿನಿಂದಲೇ ಬರುತ್ತದೆ. ಚೈತ್ರ, ವೈಶಾಖದಲ್ಲಿ ಹಾಗಲ್ಲ. ಆದ್ದರಿಂದ ಮುನ್ಸೂಚನೆಯಲ್ಲಿ ಕರಾವಳಿಯ ಸಾಲಿನ ಜೊತೆಗೆ ಹಾವೇರಿ, ಧಾರವಾಡ, ಶಿವಮೊಗ್ಗ ಜಿಲ್ಲೆಗಳಿಗೆ ಏನು ಹೇಳಿದ್ದಾರೆ ಎಂದು ತಪ್ಪದೆ ನೋಡಿ. ಈ ತಿಂಗಳಲ್ಲಿ ನಮ್ಮ ಮಳೆ ಆ ಕಡೆಯಿಂದ ಬರುವುದೇ ಹೆಚ್ಚು.

ಕಾರಣ ಇದು. ಈಗ ನೆಲ ಕಾದಿದೆ. ಮಧ್ಯಾಹ್ನದ ಹೊತ್ತಿಗೆ ಅರಬ್ಬಿ ಸಮುದ್ರದ ತೇವದ ಗಾಳಿ ಘಟ್ಟ ಹತ್ತಿ ಬರುತ್ತದೆ, ಮೂಡಣದಿಂದ ಬಂಗಾಳ ಕೊಲ್ಲಿಯ ತೇವವೂ ಒಳನಾಡಿಗೆ ಸೇರುತ್ತದೆ. ಎರಡೂ ಎದುರಾಗುವ ಕಡೆ ಗಾಳಿ ಮೇಲಕ್ಕೇಳುತ್ತದೆ, ಮೂರು ನಾಲ್ಕು ಗಂಟೆಗೆ ಮೋಡ ಗೋಪುರದಂತೆ ಬೆಳೆಯುತ್ತದೆ. ಮೇಲಿನ ಗಾಳಿ ಮೂಡಣದಿಂದ ಬೀಸುತ್ತಿದ್ದರೆ ಆ ಮೋಡವನ್ನು ಹಾನಗಲ್ ಕಡೆಯಿಂದ ನಮ್ಮ ಬನವಾಸಿಗೆ, ಇಲ್ಲಿಂದ ನಿಮ್ಮ ಕಡೆಗೆ ತಳ್ಳುತ್ತದೆ. ಆ ಗಾಳಿ ಇಲ್ಲದ ದಿನ ನೀವು ಹೇಳಿದ ಹಾಗೆ ಗುಡುಗಿ ಚದುರುತ್ತದೆ. ಬೆಳಗಿನ ಮಂಜು, ಮಧ್ಯಾಹ್ನದ ಈ ಸೆಕೆ, ಗಾಳಿಯಲ್ಲಿ ತೇವ ತುಂಬಿದೆ ಎನ್ನುವುದನ್ನಷ್ಟೇ ಹೇಳುತ್ತವೆ.

'ಒಂದೆರಡು ಕಡೆ' ಎಂದರೆ ಆ ಭಾಗದ ಮಳೆಮಾಪನ ಕೇಂದ್ರಗಳಲ್ಲಿ ಶೇಕಡಾ 25ರವರೆಗೆ ಮಳೆ ಕಾಣಬಹುದು ಎಂದು ಅರ್ಥ. 'ಕೆಲವು ಕಡೆ' ಎಂದರೆ ಶೇಕಡಾ 26ರಿಂದ 50. ಇಂದು 'ಒಂದೆರಡು' ಎಂದದ್ದು ನಾಳೆ 'ಕೆಲವು' ಆದರೆ ನೀವು ಎಚ್ಚರ ಹೆಚ್ಚಿಸಬೇಕು. ಇನ್ನು 'ಹಗುರ ಮಳೆ' ಎಂಬುದನ್ನು ನಂಬಿ ನಿಶ್ಚಿಂತರಾಗಬೇಡಿ. 24 ಗಂಟೆಯಲ್ಲಿ 15.5 ಮಿಲಿಮೀಟರ್‌ವರೆಗೆ ಬಿದ್ದರೂ ಇಲಾಖೆಗೆ ಅದು ಹಗುರ ಮಳೆಯೇ. ಗುಡುಗಿನ ಮೋಡ ಅಷ್ಟನ್ನೂ ಇಪ್ಪತ್ತು ನಿಮಿಷದಲ್ಲಿ ಸುರಿದು ಹೋದರೆ ಅಡಿಕೆಯ ಪಾಲಿಗೆ ಅದು ಭಾರಿ ಮಳೆ.

ಮೊಬೈಲಿನ ಶೇಕಡಾ 60ರ ಮೇಲೆ ನನಗೆ ಅಷ್ಟು ಭರವಸೆಯಿಲ್ಲ. ಆ ಲೆಕ್ಕವನ್ನು ಕಂಪ್ಯೂಟರ್ ಹಲವು ಕಿಲೋಮೀಟರ್ ಅಗಲದ ಚೌಕಗಳಲ್ಲಿ ಮಾಡುತ್ತದೆ, ದೇವಿಮನೆ ಘಟ್ಟದ ಕಡಿದಾದ ಏರು ಅದರಲ್ಲಿ ಸಪಾಟಾಗಿ ಬಿಡುತ್ತದೆ. ಐದಾರು ದಿನದ ಆಚೆಯದ್ದನ್ನು ಅಂದಾಜಿಗೆ ಇಟ್ಟುಕೊಳ್ಳಿ. ಇಂದು, ನಾಳೆಯದ್ದನ್ನು ಕೆಲಸಕ್ಕೆ ಬಳಸಿ. ಮೇಘದೂತ್ ಆ್ಯಪ್‌ನಲ್ಲಿ ಮಂಗಳವಾರ ಮತ್ತು ಶುಕ್ರವಾರ ಜಿಲ್ಲೆಯ ಕೃಷಿ ಸಲಹೆ ಕನ್ನಡದಲ್ಲೇ ಬರುತ್ತದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿವೆ. ಅವರ ವರುಣಮಿತ್ರ ಸಹಾಯವಾಣಿಗೆ ಕರೆ ಮಾಡಿ ಊರಿನ ಹೆಸರು ಹೇಳಿ ವಿಚಾರಿಸಿ.

ಮಾವನವರ ಮಾತನ್ನೂ ತಳ್ಳಿಹಾಕಬೇಡಿ. ಏಪ್ರಿಲ್ 13–14ರಿಂದ 26–27ರವರೆಗೆ ಅಶ್ವಿನಿ ಮಳೆನಕ್ಷತ್ರ, ಆಮೇಲೆ ಭರಣಿ. ಗುಡುಗಿನ ಮಳೆ ಹೆಚ್ಚಾಗುತ್ತಾ ಹೋಗುವ ದಿನಗಳು ಇವೇ. ಆ ಲೆಕ್ಕ ಯಾವ ಸಂಜೆ ಎಂದು ಹೇಳುವುದಿಲ್ಲ, ಯಾವ ಪಕ್ಷ ಎಂದು ಹೇಳುತ್ತದೆ.

ನಾನಾದರೆ ಹೀಗೆ ಮಾಡುತ್ತೇನೆ. ಗಲಗಲ ಎನ್ನುವ ಅಡಿಕೆಯನ್ನು ಇವತ್ತೇ ಚೀಲಕ್ಕೆ ತುಂಬಿ ಒಳಗಿಡಿ, ಅದು ಅಂಗಳದಲ್ಲಿದ್ದು ಗಳಿಸುವುದು ಏನೂ ಇಲ್ಲ. ಆಗ ಕೆಲಸ ಅರ್ಧಕ್ಕೆ ಇಳಿಯುತ್ತದೆ. ಹಪ್ಪಳ, ಮೆಣಸು ಎರಡು ಗಂಟೆಗೇ ಒಳಗೆ ಬರಲಿ. ಹಸಿ ಉಳಿದ ಚಾಲಿಯನ್ನು ಬುಧವಾರದಿಂದ ಶನಿವಾರದವರೆಗೆ ಮೂರು ಗಂಟೆಯೊಳಗೆ ನಡುವಿಗೆ ರಾಶಿ ಮಾಡಿ, ತಾಡಪಾಲನ್ನು ಪಕ್ಕದಲ್ಲಿ ಬಿಚ್ಚಿಡಿ, ಮುಚ್ಚಬೇಡಿ. ಮೂಡಲು ಕಪ್ಪಾದಾಗ ಎಳೆದು ಕಲ್ಲು ಹೇರಿದರೆ ಸಾಕು. ಬೆಳಿಗ್ಗೆ ಮಂಜು ಆರಿದ ಮೇಲೆ ಮತ್ತೆ ಹರವಿ.

ಒಂದು ಮಾತು ಮಾತ್ರ ಕೈಮುಗಿದು ಹೇಳುತ್ತೇನೆ. ಗುಡುಗು ಕಿವಿಗೆ ಬಿದ್ದ ಮೇಲೆ ಅಂಗಳಕ್ಕೆ ಇಳಿಯಬೇಡಿ. ಗುಡುಗು ಕೇಳಿಸುತ್ತಿದೆ ಎಂದರೆ ಸಿಡಿಲು ಬೀಳಬಹುದಾದ ದೂರದಲ್ಲೇ ನೀವಿದ್ದೀರಿ. ಮೋಡ ನೆತ್ತಿಗೆ ಬರುವವರೆಗೆ ಸಿಡಿಲು ಕಾಯುತ್ತದೆ ಎಂದೇನೂ ಇಲ್ಲ. ಅಡಿಕೆ ನೆನೆದರೆ ನೆನೆಯಲಿ. ದಾಮಿನಿ ಆ್ಯಪ್ ಹಾಕಿಕೊಳ್ಳಿ, ನೀವಿರುವ ಜಾಗದಿಂದ 20 ಮತ್ತು 40 ಕಿಲೋಮೀಟರ್ ದೂರದೊಳಗೆ ಮಿಂಚು ಎಲ್ಲಿ ಹೊಡೆಯುತ್ತಿದೆ ಎಂದು ತೋರಿಸುತ್ತದೆ. ಅತ್ತೆಯವರಿಗೂ ಇದನ್ನು ಹೇಳಿ, ಹಪ್ಪಳಕ್ಕಾಗಿ ಓಡುವವರು ಅವರೇ.

ಸಾಣಿಕಟ್ಟಾ ಆಗರ, ಮಂಗಳವಾರ ರಾತ್ರಿ

ಬನವಾಸಿಯ ಅಣ್ಣ ಹೇಳಿದ್ದು ಸರಿ. ಘಟ್ಟದ ಕೆಳಗಿನ ಮಾತನ್ನು ನಾನು ಸೇರಿಸುತ್ತೇನೆ. ಗೋಕರ್ಣದ ಹತ್ತಿರ ನಮ್ಮ ಉಪ್ಪಿನ ಆಗರಗಳಲ್ಲಿ ಈಗ ಕೆಲಸದ ಭರಾಟೆ. ಅಘನಾಶಿನಿಯ ಭರತದ (ಉಬ್ಬರದ) ನೀರನ್ನು ಒಳಗೆ ಬಿಟ್ಟುಕೊಂಡು, ಪಾತಿಯಿಂದ ಪಾತಿಗೆ ಹರಿಸುತ್ತಾ ಬಿಸಿಲಿನಲ್ಲಿ ಮಂದ ಮಾಡಿ, ಕೊನೆಗೆ ಹರಳುಗಟ್ಟಿದ್ದನ್ನು ಎಳೆಯುತ್ತೇವೆ. ಒಂದು ಜೋರು ಮಳೆ ಬಿದ್ದರೆ ಉಪ್ಪು ಕರಗುವುದಷ್ಟೇ ಅಲ್ಲ, ಮಂದವಾದ ನೀರೆಲ್ಲ ತೆಳುವಾಗಿ ಮತ್ತೆ ಮೊದಲಿನಿಂದ ಕಾಯಿಸಬೇಕು. ಅದಕ್ಕೇ ರಾತ್ರಿ ಹೊರಗೆ ಬಂದು ಮೂಡಲು ನೋಡದೆ ನಾವು ಮಲಗುವುದಿಲ್ಲ.

ಈಗಲೂ ಘಟ್ಟದ ಮೇಲೆ ಮಿಂಚು ಕಾಣುತ್ತಿದೆ, ಸದ್ದಿಲ್ಲ. ಹಗಲು ಪಡುವಣ ಗಾಳಿ ಬಲವಾಗಿದ್ದರೆ ಸಾಮಾನ್ಯವಾಗಿ ಮೋಡ ಅಲ್ಲೇ ಮೇಲೆ ನಿಂತು ಸುರಿಯುತ್ತದೆ. ಕತ್ತಲಾದ ಮೇಲೆ ಕಡಲ ಗಾಳಿ ನಿಂತು ನೆಲದ ಗಾಳಿ ಶುರುವಾದಾಗ ಕೆಲವೊಮ್ಮೆ ಘಟ್ಟ ಇಳಿದು ಬರುತ್ತದೆ. ಆದ್ದರಿಂದ ಕುಮಟಾ, ಅಂಕೋಲಾದವರು ಸಂಜೆ ಮಳೆ ಬರಲಿಲ್ಲವೆಂದು ಮಲಗಬಾರದು. ಅಳ್ವೆಕೋಡಿಯಲ್ಲಿ ಈರುಳ್ಳಿ ಕಿತ್ತವರು ಇದ್ದರೆ, ಗೊಂಚಲು ಹೆಣೆದದ್ದನ್ನು ರಾತ್ರಿ ಹೊರಗೆ ಬಿಡಬೇಡಿ.

ಬೈತಕೋಲ್ ದೋಣಿ, ಬುಧವಾರ ಬೆಳಿಗ್ಗೆ

ಕಾರವಾರದಲ್ಲಿ ಮಳೆಯ ಲಕ್ಷಣ ಇಲ್ಲ, ಬೆವರು ಮಾತ್ರ. ಉಷ್ಣಮಾಪಕ ನೋಡಿ ಸಮಾಧಾನಪಡಬೇಡಿ. ಕರಾವಳಿಯಲ್ಲಿ 37 ಡಿಗ್ರಿ ಮುಟ್ಟಿ, ವಾಡಿಕೆಗಿಂತ 4.5 ಡಿಗ್ರಿ ಹೆಚ್ಚಾದರೆ ಬಿಸಿಗಾಳಿ ಎಂದು ಪರಿಗಣಿಸುತ್ತಾರೆ. ಅದಕ್ಕಿಂತ ಕಡಿಮೆ ಇದ್ದರೂ ಈ ತೇವದಲ್ಲಿ ಮೈಯ ಬೆವರು ಆರುವುದಿಲ್ಲ, ಬಂದರಿನಲ್ಲಿ ಮೀನಿನ ಬುಟ್ಟಿ ಹೊರುವ ಹೆಂಗಸರ ಸ್ಥಿತಿ ನೋಡಲಾಗದು. ಕಡಲಿಗೆ ಹೋಗುವವರು ಮಳೆಯ ಮುನ್ಸೂಚನೆಯ ಜೊತೆಗೆ ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆಯ ಅಲೆಯ ಮುನ್ಸೂಚನೆಯನ್ನೂ ನೋಡಿ. ಬೇಸಿಗೆಯಲ್ಲಿ ಇಲ್ಲಿ ಗಾಳಿಯೇ ಇಲ್ಲದಿದ್ದರೂ ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಎದ್ದ ಉಬ್ಬರದ ಅಲೆಗಳು ದಡಕ್ಕೆ ಬಂದು ಹೊಡೆಯುತ್ತವೆ. ದೋಣಿಗಳನ್ನು ಮೇಲಕ್ಕೆ ಎಳೆದಿಡಿ. ಜೂನ್ 1ರ ಮೀನುಗಾರಿಕೆ ನಿಷೇಧಕ್ಕೆ ಮುಂಚೆ ಉಳಿದಿರುವ ದುಡಿಮೆಯ ದಿನಗಳು ಇವೇ.

ಹುಲೇಕಲ್ ತೋಟದವಳು, ಬುಧವಾರ ಸಂಜೆ

ಎಲ್ಲರಿಗೂ ಧನ್ಯವಾದ. ಒಣಗಿದ್ದನ್ನು ನಿನ್ನೆಯೇ ಚೀಲಕ್ಕೆ ತುಂಬಿದೆವು, ಮಾವ ಕುಳಿತಲ್ಲೇ ಚೀಲದ ಬಾಯಿ ಹೊಲಿದರು. ಇವತ್ತಿನ ಮುನ್ಸೂಚನೆಯಲ್ಲಿ ಹಾವೇರಿ, ಶಿವಮೊಗ್ಗಕ್ಕೆ ಗುಡುಗು, ಮಿಂಚು, ಗಂಟೆಗೆ 30ರಿಂದ 40 ಕಿಲೋಮೀಟರ್ ವೇಗದ ಗಾಳಿ ಎಂದಿದೆ. ಅಣ್ಣ, ನಿಮ್ಮ ಕಡೆ ಮೋಡ ಕಂಡರೆ ಇಲ್ಲೇ ಒಂದು ಸಾಲು ಬರೆಯುತ್ತೀರಾ?

ಬನವಾಸಿ ಅನಾನಸ್, ಗುರುವಾರ ಮಧ್ಯಾಹ್ನ

ತಂಗಿ, ಈಗ ಮೂರೂಕಾಲು. ಹಾನಗಲ್ ದಿಕ್ಕಿನಲ್ಲಿ ಬುಡ ಕಪ್ಪಾಗಿದೆ, ತಣ್ಣನೆಯ ಗಾಳಿ ಶುರುವಾಯಿತು. ದಾಮಿನಿಯಲ್ಲಿ ಮಿಂಚು ನಮ್ಮಿಂದ ಮೂಡಲಿಗೆ ಕಾಣುತ್ತಿದೆ, ಪಡುವಣಕ್ಕೆ ಸರಿಯುತ್ತಿದೆ. ನಿಮಗೆ ಒಂದು ಗಂಟೆ ಸಿಗಬಹುದು, ಹೆಚ್ಚು ನಂಬಬೇಡಿ. ತಾಡಪಾಲಿನ ಮೂಡಣ ಬದಿಗೆ ಕಲ್ಲು ಹೆಚ್ಚು ಹೇರಿ, ಗಾಳಿ ಮೊದಲು ಅಲ್ಲಿಂದಲೇ ಎತ್ತುತ್ತದೆ.

ಹುಲೇಕಲ್ ತೋಟದವಳು, ಗುರುವಾರ ಸಂಜೆ

ನಾಲ್ಕೂವರೆಗೆ ಬಂತು. ಮೊದಲು ಧೂಳು, ಆಮೇಲೆ ನಾಲ್ಕಾರು ಆಲಿಕಲ್ಲು, ಆಮೇಲೆ ಅರ್ಧ ಗಂಟೆ ಬಿರುಮಳೆ. ಎಲ್ಲರೂ ಒಳಗಿದ್ದೆವು. ರಾಶಿ ನೆನೆದಿಲ್ಲ, ತೋಟದ ಕಡೆಯ ಅಂಚಿನಲ್ಲಿ ಬುಟ್ಟಿಯಷ್ಟು ಮಾತ್ರ ತೇವ ಹಿಡಿದಿದೆ, ಅದನ್ನು ಬೇರೆ ಇಟ್ಟಿದ್ದೇನೆ. ಅಪ್ಪೆಮಿಡಿ ಮರದ ಕೆಳಗೆ ಮಿಡಿ ತುಂಬಾ ಉದುರಿದೆ, ಪೆಟ್ಟು ಬಿದ್ದ ಮಿಡಿ ಉಪ್ಪಿಗೆ ನಿಲ್ಲುವುದಿಲ್ಲ, ಅತ್ತೆಗೆ ಅದರದೇ ಬೇಸರ. ಕರೆಂಟ್ ಇಲ್ಲ. ಶುಕ್ರವಾರವೂ ಮೂರು ಗಂಟೆಗೇ ರಾಶಿ ಮಾಡುತ್ತೇವೆ.