ಕಣ್ಣು ಬೆಳ್ಳಗಾಯ್ತು, ಇನ್ನೂ ಒತ್ತಡ ನೋಡಿಸಬೇಕೇನ್ರಿ?

ಪ್ರಶ್ನೆ (ಸಿಂಧನೂರಿನಿಂದ): ನಮಸ್ಕಾರ್ರಿ ಡಾಕ್ಟ್ರೇ. ಮಗಗ 9 ವರ್ಷ. ಬ್ಯಾಸಗಿ ಬಂತಂದ್ರ ಕಣ್ಣು ತುರಿಸಿ ಕೆಂಪಾಗ್ತಾವ, ನೂಲಿನಂಥ ಗೀಜು ಬರ್ತದ. ಮೆಡಿಕಲ್ ಶಾಪಿನ್ಯಾಗ ಕೊಟ್ಟ ಡೆಕ್ಸಾಮೆಥಾಸೋನ್ ಡ್ರಾಪ್ಸ್ ದಿನಕ್ಕ ಮೂರು ಸಲ, 4 ತಿಂಗಳಿಂದ ಹಾಕ್ಲಿಕತ್ತೀವಿ. ಈಗ ಕೆಂಪಿಲ್ಲ, ನೋವಿಲ್ಲ. ಪರೀಕ್ಷೆ ಬೇಕೇನ್ರಿ?

ಉತ್ತರ (ನೇತ್ರತಜ್ಞರು): ಬೇಕೇ ಬೇಕ್ರಿ, ಒಂದೆರಡು ದಿನದಲ್ಲೇ. ಕಣ್ಣೊಳಗೆ ಊರುವ ನೀರು ಸಣ್ಣ ಜಾಲರಿಯೊಂದರ ಮೂಲಕ ಹೊರಗೆ ಹೋಗುತ್ತದೆ. ಡೆಕ್ಸಾಮೆಥಾಸೋನ್ ಒಂದು ಸ್ಟೀರಾಯ್ಡ್; ಕೆಲವರಿಗೆ ಸ್ಟೀರಾಯ್ಡ್‌ನಿಂದ ಆ ದಾರಿ ಕಟ್ಟಿಕೊಂಡು ಕಣ್ಣೊಳಗಿನ ಒತ್ತಡ ಏರುತ್ತದೆ. 10ರಿಂದ 21 ಮಿ.ಮೀ. (ಪಾದರಸದ ಅಳತೆ) ಇರಬೇಕಾದದ್ದು 35 ಆದರೂ ಮಗು ನೋವು ಅನ್ನದೇ ಇರಬಹುದು. ಹನಿ ಶುರುಮಾಡಿದ 2ರಿಂದ 6 ವಾರದಲ್ಲಿ ಏರಿಕೆ ಕಾಣುವುದು ಹೆಚ್ಚು, ಮಕ್ಕಳಲ್ಲಿ ಇನ್ನೂ ಬೇಗ. ಹನಿ ಬಿಟ್ಟರೆ ಒತ್ತಡ ಬಹಳಷ್ಟು ಮಂದಿಗೆ ಕೆಲವು ವಾರದಲ್ಲಿ ಇಳಿಯುತ್ತದೆ, ಹಾಳಾದ ಕಣ್ಣಿನ ನರ ಮಾತ್ರ ಮರಳುವುದಿಲ್ಲ.

ಬಾಟಲಿ ಸಮೇತ ಹೋಗಿ. ಒತ್ತಡದ ಅಂಕಿ, ನರದ ನಡುವಿನ ಗುಳಿಯ ಅಳತೆ ಎರಡನ್ನೂ ಚೀಟಿಯಲ್ಲಿ ಬರೆಸಿಕೊಳ್ಳಿ; ಮುಂದಿನ ಸಲ ಹೋಲಿಸಲು ಅದೇ ಆಧಾರ. ಪಾಪೆ ಹಿಗ್ಗಿಸಿ ಮಸೂರದ ಹಿಂಭಾಗವನ್ನೂ ನೋಡಬೇಕು. ಸ್ಟೀರಾಯ್ಡ್‌ನ ಪೊರೆ ಅಲ್ಲೇ ನಟ್ಟನಡುವೆ ಕಟ್ಟುತ್ತದೆ, ಅದಕ್ಕೇ ಬಿಸಿಲಲ್ಲಿ ಪಾಪೆ ಕಿರಿದಾದಾಗ ನೋಟ ಹೆಚ್ಚು ಮಂಜಾಗುತ್ತದೆ. ಕಣ್ಣು ಉಜ್ಜುವ ಮಕ್ಕಳಲ್ಲಿ ಕಾರ್ನಿಯಾ (ಕಣ್ಣಿನ ಮುಂದಿನ ಪಾರದರ್ಶಕ ಪದರ) ಶಂಕುವಿನಂತೆ ಚೂಪಾಗಿದೆಯೇ ಎಂದೂ ಕೇಳಿ.

ಬೇಸಿಗೆಯ ಈ ತುರಿಕೆ ಅಲರ್ಜಿಯದ್ದು, ವರ್ಷವರ್ಷ ಮರಳುತ್ತದೆ, ಹಾಗಾಗಿ ಸ್ಟೀರಾಯ್ಡ್ ಇದಕ್ಕೆ ಕೆಲ ದಿನದ ಔಷಧಿಯೇ ಹೊರತು ತಿಂಗಳುಗಟ್ಟಲೆಯದ್ದಲ್ಲ. ಓಲೋಪಟಡೀನ್ ಎಂಬ ಅಲರ್ಜಿ ಹನಿ, ತಣ್ಣೀರ ಪಟ್ಟಿ, ಜೋರಿದ್ದರೆ ಸ್ಟೀರಾಯ್ಡ್ ಅಲ್ಲದ ಸೈಕ್ಲೋಸ್ಪೋರಿನ್ ಹನಿ: ಯಾವುದೆಂದು ವೈದ್ಯರು ಹೇಳಲಿ. ಹಳೆ ಹನಿಯನ್ನು ಹೇಗೆ ಇಳಿಸುವುದೆಂದೂ ಅವರನ್ನೇ ಕೇಳಿ. ಥಟ್ಟನೆ ಬಿಟ್ಟರೆ ತುರಿಕೆ ಮತ್ತೆ ಭುಗಿಲೇಳಬಹುದು.

ಪ್ರಶ್ನೆ: ಕನ್ನಡಕದ ಅಂಗಡಿಯಾಗ ಗಾಳಿ ಊದಿ ಒತ್ತಡ ಅಳಿಯೋ ಮಷೀನ್ ಅದ. ಅದು ಸಾಕಾಗಂಗಿಲ್ಲೇನ್ರಿ?

ಉತ್ತರ: ಮೊದಲ ಅಂದಾಜಿಗೆ ಸಾಕು. ಆದರೆ ಮಗು ರೆಪ್ಪೆ ಬಿಗಿದರೆ ಅಂಕಿ ಸುಳ್ಳಾಗಿ ಏರುತ್ತದೆ. ಕಾರ್ನಿಯಾ ತೆಳುವಿದ್ದರೆ ಕಮ್ಮಿ ತೋರಿಸುತ್ತದೆ. ಮರಗಟ್ಟಿಸುವ ಹನಿ, ಹಳದಿ ಬಣ್ಣ ಹಾಕಿ ನೀಲಿ ಬೆಳಕಲ್ಲಿ ನೋಡುವ ಗೋಲ್ಡ್‌ಮನ್ ಅಳತೆಯೇ ನಂಬಿಕೆಯದ್ದು. ರಾಯಚೂರಿಗೆ ಹೋದರೆ ರಿಮ್ಸ್ (ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ) ಕಣ್ಣಿನ ವಿಭಾಗದಲ್ಲಿ ಕೇಳಿ.

ಪ್ರಶ್ನೆ (ಮಾನ್ವಿಯಿಂದ): ನಮ್ಮವ್ವ ಕೀಲುನೋವಿಗೆ 2 ವರ್ಷದಿಂದ ಪ್ರೆಡ್ನಿಸೊಲೋನ್ ಗುಳಿಗಿ ನುಂಗ್ತಾಳ. ಸಕ್ಕರಿ ಕಾಯಿಲೆನೂ ಅದ. ಆಕಿ ಕಣ್ಣೂ ತೋರಿಸಬೇಕೇನ್ರಿ?

ಉತ್ತರ: ಪ್ರೆಡ್ನಿಸೊಲೋನ್ ಕೂಡ ಸ್ಟೀರಾಯ್ಡೇ. ಗುಳಿಗೆಯಿಂದ ಒತ್ತಡಕ್ಕಿಂತ ಪೊರೆಯೇ ಹೆಚ್ಚು. ಸಕ್ಕರೆ ಇರುವುದರಿಂದ 6 ತಿಂಗಳಿಗೊಮ್ಮೆ ಪಾಪೆ ಹಿಗ್ಗಿಸಿ ಅಕ್ಷಿಪಟಲವನ್ನೂ (ಕಣ್ಣಿನ ಹಿಂಭಾಗದ ಪರದೆ), ಒತ್ತಡವನ್ನೂ ನೋಡಿಸಿ. ಹೆದರಿ ಗುಳಿಗೆಯನ್ನು ಮಾತ್ರ ಒಮ್ಮೆಲೇ ನಿಲ್ಲಿಸಬೇಡಿ. ಮೈಯಲ್ಲಿ ತಾನಾಗಿ ಹುಟ್ಟುವ ಸ್ಟೀರಾಯ್ಡ್ ಅಷ್ಟರಲ್ಲಿ ಕುಗ್ಗಿರುತ್ತದೆ, ಬಿ.ಪಿ. ಕುಸಿದು ಜೀವಕ್ಕೇ ಅಪಾಯ.