ಪದ ಬೇಕು (ತುರ್ತು): ಬ್ರೇಕ್ ಆಯಿಲ್‌ಗೆ ‘ಎಣ್ಣೆ’ ಅನ್ನದೆ ಏನನ್ನುವುದು?

ಮಲ್ಪೆಯಿಂದ, ಭಾನುವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ಬುಧವಾರ ಬೆಳಿಗ್ಗೆ ಪೈಂಟರ್ ಬರುತ್ತಾನೆ. ಅಷ್ಟರೊಳಗೆ ನಾಲ್ಕೈದು ಪದ ಬೇಕು. ಅದರಲ್ಲಿ ಒಂದು ಮಾತ್ರ ತೀರಾ ಬೇಕು.

ನನ್ನ ಭಾವ ಬಂದರಿನ ಹತ್ತಿರ ಗ್ಯಾರೇಜು ಇಟ್ಟಿದ್ದಾರೆ. ಬರುವುದೆಲ್ಲ ಮೀನು ಸಾಗಿಸುವ ಹಳೆಯ ಚಿಕ್ಕ ಡೀಸೆಲ್ ಪಿಕಪ್‌ಗಳು, ಹದಿನೈದಿಪ್ಪತ್ತು ವರ್ಷ ದುಡಿದವು. ಎಲ್ಲಿಗೆ ಯಾವ ಆಯಿಲ್ ಎಂದು ಗೋಡೆಗೆ ಒಂದು ಬೋರ್ಡು ಬೇಕಂತೆ. “ನೀನು ಕನ್ನಡ ಎಂಎ ಅಲ್ವಾ, ಬರೆದು ಕೊಡು” ಎಂದರು.

ಬೋರ್ಡು ಈಗಲೂ ಒಂದಿದೆ. ಅದರಲ್ಲಿ ‘ಬ್ರೇಕ್ ಎಣ್ಣೆ’ ಎಂದು ಬರೆದಿದೆ. ಕಳೆದ ತಿಂಗಳು ಕೆಲಸಕ್ಕೆ ಸೇರಿದ ಗದಗದ ಹುಡುಗ ಅದನ್ನು ಓದಿದ. ಒಂದು ಪಿಕಪ್‌ನ ಬ್ರೇಕ್ ಡಬ್ಬಿಯಲ್ಲಿ ಕಡಿಮೆ ಇದ್ದದ್ದು ಕಂಡಿತು. ಕ್ಯಾನಿನಲ್ಲಿ ಉಳಿದಿದ್ದ ಎಂಜಿನ್ ಆಯಿಲ್ ತಂದು ಹೊಯ್ದ. ಎರಡು ದಿನ ಬಿಟ್ಟು ಆ ಗಾಡಿ ಕಾಪುವಿನ ಹತ್ತಿರ ನಿಂತಿತು. ಒತ್ತಿದ ಬ್ರೇಕು ಬಿಡುತ್ತಿಲ್ಲ, ಮುಂದಿನ ಚಕ್ರ ಮುಟ್ಟಿದರೆ ಕೈ ಸುಡುತ್ತದೆ. ಡಬ್ಬಿಯ ಮುಚ್ಚಳ ತೆಗೆದಾಗ ನಾನೂ ಅಲ್ಲಿದ್ದೆ. ಮುಚ್ಚಳದೊಳಗಿನ ರಬ್ಬರು ಉಬ್ಬಿ, ಮಡಚಿಟ್ಟ ನೀರುದೋಸೆಯ ಹಾಗೆ ಆಗಿತ್ತು. ತಿರುಗಿ ಕೂರಿಸಲು ಹೋದರೆ ತನ್ನ ಜಾಗದಲ್ಲಿ ತಾನೇ ಹಿಡಿಸುವುದಿಲ್ಲ.

ಭಾವ ಹುಡುಗನಿಗೆ ಚೆನ್ನಾಗಿ ಬೈದರು. ಅವನು ಹೇಳಿದ್ದು ಒಂದೇ ಮಾತು: “ಬೋರ್ಡಿನ್ಯಾಗ ಎಣ್ಣಿ ಅಂತ ನೀವ ಬರ್ಸೀರಲ್ರೀ.”

ಡಬ್ಬಿಯ ಮೇಲಿದ್ದ ‘ಬ್ರೇಕ್ ಫ್ಲೂಯಿಡ್, ಡಾಟ್ 4’ ಎಂಬುದನ್ನು ಫೋನಿನಲ್ಲಿ ಅನುವಾದ ಮಾಡಿಸಿ ನೋಡಿದೆ. ‘ಮುರಿಯುವ ದ್ರವ, ಚುಕ್ಕೆ 4’ ಎಂದು ಬಂತು. ಎಂಜಿನ್ ಆಯಿಲ್ ಕ್ಯಾನಿನ ಮೇಲಿನ 15ಡಬ್ಲ್ಯೂ-40 ಎಂಬುದು 15 ವ್ಯಾಟ್ ಆಯಿತು. ಇನ್ನು ನೀವೇ ಗತಿ. ಬ್ರೇಕಿನದ್ದು ಮೊದಲು. ಆಮೇಲೆ ಕೂಲೆಂಟ್ (ಎಂಜಿನ್ ತಂಪು ಮಾಡುವ ದ್ರವ), ಗ್ರೀಸ್, ಆಯಿಲ್‌ನ ದಪ್ಪ, ಮತ್ತೆ ಆ ಡಬ್ಲ್ಯೂ.

ಕಟಪಾಡಿಯಿಂದ, ಸೋಮವಾರ ಬೆಳಿಗ್ಗೆ

ತಂಗಿ, ತಪ್ಪು ಹುಡುಗನದಲ್ಲ, ಪದದ್ದು. ಎಣ್ಣೆ ಎಂದರೆ ಎಳ್ + ನೆಯ್, ಎಳ್ಳಿನ ಜಿಡ್ಡು. ತಮಿಳಿನಲ್ಲಿ ಕೊನೆಯ ‘ಯ್’ ಇನ್ನೂ ಉಳಿದಿದೆ. ನಮ್ಮ ತುಳುವಿನಲ್ಲಿ ತುಪ್ಪಕ್ಕೆ ನೆಯಿ ಎನ್ನುವುದು ಅದೇ ನೆಯ್. ಸಂಸ್ಕೃತದ ತೈಲವೂ ತಿಲದಿಂದ ಬಂದದ್ದು, ಅಂದರೆ ಅದೂ ಎಳ್ಳೇ. ಹಾಗಿರುವಾಗ ನೆಲದಡಿಯಿಂದ ಎತ್ತಿದ್ದಕ್ಕೆ ಎಣ್ಣೆ ಎನ್ನುವುದೇ ಸರಿಯಲ್ಲ.

ಎಂಜಿನ್ನು, ಗೇರು, ಗ್ರೀಸು ಎಲ್ಲಕ್ಕೂ ನಮ್ಮದೇ ಪದ ಇದೆ: ಕೀಲೆಣ್ಣೆ. ಗಾಡಿಯ ಅಚ್ಚಿಗೆ ಹಾಕುತ್ತಿದ್ದದ್ದು. ಬ್ರೇಕಿಗೆ ‘ಬಿರಿ’ ಎನ್ನಿ. ಬಿರಿನೀರು. ಸುಂದರವಾಗಿದೆ. ಇಂಗ್ಲಿಷಿನ ಹಂಗು ಬೇಡ.

ಸುರತ್ಕಲ್‌ನಿಂದ, ಸೋಮವಾರ ಬೆಳಿಗ್ಗೆ

> ನೆಲದಡಿಯಿಂದ ಎತ್ತಿದ್ದಕ್ಕೆ ಎಣ್ಣೆ ಎನ್ನುವುದೇ ಸರಿಯಲ್ಲ

ಹಾಗಾದರೆ ಚಿಮಿಣಿ ಎಣ್ಣೆಗೆ ಏನನ್ನುವುದು ಮಾಷ್ಟ್ರೇ? ತೆಂಗಿನೆಣ್ಣೆಯಲ್ಲಿ ಎಳ್ಳು ಎಲ್ಲಿದೆ? ನೀವೇ ಕೊಟ್ಟ ಕೀಲೆಣ್ಣೆಯಲ್ಲಿ ಎಲ್ಲಿದೆ? ಎಣ್ಣೆಗೂ ಎಳ್ಳಿಗೂ ಸಂಬಂಧ ಕಡಿದು ನೂರಾರು ವರ್ಷ ಆಯಿತು. ಪದದ ಜಾತಕ ಹಿಡಿದು ಬೋರ್ಡು ಬರೆಯಲು ಆಗುವುದಿಲ್ಲ.

‘ಬಿರಿ’ಯಂತೂ ದಯವಿಟ್ಟು ಬೇಡ. ಬಿರಿ ಎಂದರೆ ಒಡೆ, ಸೀಳು. ಫೋನು ಹೇಳಿದ ‘ಮುರಿಯುವ ದ್ರವ’ಕ್ಕೇ ನೀವು ಅಚ್ಚಗನ್ನಡ ತೊಡಿಸಿದಿರಿ ಅಷ್ಟೇ. ಅದರ ಮೇಲೆ ‘ನೀರು’ ಬೇರೆ. ಎಣ್ಣೆ ಎಂದರೆ ಎಣ್ಣೆ ಹೊಯ್ದ ಹುಡುಗ ನೀರು ಎಂದರೆ ಬಾವಿಗೆ ಹೋಗುವುದಿಲ್ಲ ಎಂದು ಏನು ಗ್ಯಾರಂಟಿ?

ಮೆಕ್ಯಾನಿಕ್‌ಗಳು ಎಂಜಿನ್ ಆಯಿಲ್, ಗೇರ್ ಆಯಿಲ್, ಕ್ರೌನ್ (ಹಿಂದಿನ ಆಕ್ಸಲಿನ ದೊಡ್ಡ ಗೇರು) ಆಯಿಲ್ ಎನ್ನುತ್ತಾರೆ. ಅದನ್ನೇ ಬರೆಯಿರಿ. ‘ಇಲ್ಲಿ ಎಣ್ಣೆ ಹಾಕಲಾಗುವುದು’ ಎಂದು ಬರೆದರೆ ಸಂಜೆ ಆರರ ಮೇಲೆ ಬೇರೆಯೇ ಗಿರಾಕಿಗಳು ಬಂದು ನಿಲ್ಲುತ್ತಾರೆ.

ಮಣಿಪಾಲದಿಂದ, ಸೋಮವಾರ ಮಧ್ಯಾಹ್ನ

ಎಳ್ಳು ಆಮೇಲೆ ಬಿತ್ತುವ. ಡಬ್ಬಿಯೊಳಗೆ ಏನಿದೆ ಎಂದು ನೋಡಿ, ಮತ್ತೆ ಹೆಸರಿಡಿ. ಮೂವತ್ತು ವರ್ಷ ಹುಡುಗರಿಗೆ ಇದನ್ನೇ ಪಾಠ ಮಾಡಿದ್ದೇನೆ.

ಬ್ರೇಕಿನ ಡಬ್ಬಿಯಲ್ಲಿರುವುದು ಗ್ಲೈಕಾಲ್ ಜಾತಿಯದ್ದು. ಒಂದು ಲೋಟ ನೀರಿಗೆ ನಾಲ್ಕು ಹನಿ ಬಿಟ್ಟು ಕಲಕಿ. ಬೆರೆತು ಹೋಗುತ್ತದೆ. ಎಣ್ಣೆಯಾದರೆ ತೇಲುತ್ತದೆ. ಆ ಹುಡುಗನಿಗೆ ಇದನ್ನು ಒಮ್ಮೆ ಕಣ್ಣಾರೆ ತೋರಿಸಿ, ಬೋರ್ಡಿಗಿಂತ ಚೆನ್ನಾಗಿ ನೆನಪುಳಿಯುತ್ತದೆ. ಬ್ರೇಕಿನ ರಬ್ಬರು ಗ್ಲೈಕಾಲಿಗೆ ಒಗ್ಗುವಂಥದ್ದು. ಪೆಟ್ರೋಲಿಯಂ ಎಣ್ಣೆ ತಾಗಿದರೆ ಅದನ್ನು ಕುಡಿದು ಉಬ್ಬುತ್ತದೆ. ನಿಮ್ಮ ಭಾವ ಮಾಸ್ಟರ್ ಸಿಲಿಂಡರಿನ ರಬ್ಬರು, ಚಕ್ರದ ಬ್ರೇಕಿನ ರಬ್ಬರ್ ಕಪ್‌ಗಳು, ರಬ್ಬರ್ ಹೋಸು ಎಲ್ಲ ಹೊಸತು ಹಾಕಿದ್ದಾರೆ ತಾನೇ? ಸುಮ್ನೆ ತೊಳೆದು ಬಿಟ್ಟರೆ ಸಾಲದು.

ಇನ್ನೊಂದು. ಅದು ಗಾಳಿಯ ತೇವ ಎಳೆದುಕೊಳ್ಳುತ್ತದೆ. ಡಾಟ್ 3 ಹೊಸದಿರುವಾಗ ಕನಿಷ್ಠ 205 ಡಿಗ್ರಿಯವರೆಗೆ ಕುದಿಯಬಾರದು, ತೇವ ಹಿಡಿದ ಮೇಲೆ ಆ ಅಂಕಿ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ 230 ಮತ್ತು 155. ನಮ್ಮ ಮಳೆಗಾಲ ಕಂಡವರಿಗೆ ತೇವದ ಬಗ್ಗೆ ಹೇಳುವುದು ಬೇಡ. ಶಿವಮೊಗ್ಗಕ್ಕೆ ಮೀನು ಇಳಿಸಿ ಆಗುಂಬೆ ಘಾಟಿಯಲ್ಲಿ ಕೆಳಗೆ ಬರುವಾಗ ಬ್ರೇಕು ಕಾದು, ಒಳಗಿನದ್ದು ಕುದಿದರೆ ಪೆಡಲು ನೆಲ ಮುಟ್ಟುತ್ತದೆ, ಗಾಡಿ ನಿಲ್ಲುವುದಿಲ್ಲ. ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಿ. ಡಾಟ್ 5 ಸಿಲಿಕಾನಿನದ್ದು, ಅದನ್ನು ಇದರ ಜೊತೆ ಬೆರೆಸಬಾರದು. ಡಾಟ್ ಎಂಬುದು ಚುಕ್ಕೆಯಲ್ಲ, ಅಮೆರಿಕದ ಸಾರಿಗೆ ಇಲಾಖೆಯ ಮೊದಲಕ್ಷರಗಳು.

ಡಬ್ಲ್ಯೂ ಎಂದರೆ ಚಳಿಗಾಲ. ವ್ಯಾಟೂ ಅಲ್ಲ, ತೂಕವೂ ಅಲ್ಲ. 15 ಎಂಬುದು ಚಳಿಯಲ್ಲಿ ಆಯಿಲ್ ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬುದಕ್ಕೆ. 40 ಎಂಬುದು 100 ಡಿಗ್ರಿಯಲ್ಲಿ ಎಷ್ಟು ದಪ್ಪ ಉಳಿಯುತ್ತದೆ ಎಂಬುದಕ್ಕೆ. ಮಲ್ಪೆಯ ಚಳಿಗೆ ಮೊದಲ ಅಂಕಿ ದೊಡ್ಡ ವಿಷಯವಲ್ಲ. ಅನುವಾದ ಮಾಡಬೇಡಿ, ಹಾಗೇ ಬಿಡಿ.

ಗೇರ್‌ಬಾಕ್ಸಿಗೂ ಕ್ರೌನಿಗೂ ಒಂದೇ ಹೆಸರು ಬರೆದರೆ ಮುಂದಿನ ಬೈಗುಳ ಅಲ್ಲಿಂದ ಬರುತ್ತದೆ. ಎರಡರ ಡಬ್ಬಿಯ ಮೇಲೂ 80ಡಬ್ಲ್ಯೂ-90 ಎಂದಿರಬಹುದು. ಆದರೆ ಜಿಎಲ್ ಎಂಬ ಗೇರ್ ಆಯಿಲಿನ ದರ್ಜೆ ಬೇರೆ: ಕ್ರೌನಿಗೆ ಜಿಎಲ್-5, ಹಳೆಯ ಗೇರ್‌ಬಾಕ್ಸಿಗೆ ಸಾಮಾನ್ಯವಾಗಿ ಜಿಎಲ್-4. ಜಿಎಲ್-5ರಲ್ಲಿ ಗಂಧಕ, ರಂಜಕ ಜಾಸ್ತಿ. ಗೇರ್‌ಬಾಕ್ಸಿನ ಹಿತ್ತಾಳೆ ರಿಂಗುಗಳನ್ನು ಅದು ತಿನ್ನಬಹುದು. ಏನಿದ್ದರೂ ಗಾಡಿಯ ಜೊತೆ ಬಂದ ಪುಸ್ತಕ ಹೇಳಿದ್ದೇ ಕೊನೆಯ ಮಾತು.

ಪದಗಳು: ಬ್ರೇಕ್ ದ್ರವ, ಶೀತಕ, ಸ್ನಿಗ್ಧತೆ. ಶಾಲೆಯ ವಿಜ್ಞಾನ ಪುಸ್ತಕದಲ್ಲೇ ಇವೆ. ಚರ್ಚೆ ಅನಗತ್ಯ. ಆದರೆ ‘ಆಯಿಲ್’ ಎಂಬುದು ಬ್ರೇಕಿನ ಹತ್ತಿರವೂ ಸುಳಿಯಬಾರದು. ಬೋರ್ಡಿನಲ್ಲಷ್ಟೇ ಅಲ್ಲ, ಬಾಯಲ್ಲೂ.

ಮಂಜೇಶ್ವರದಿಂದ, ಸೋಮವಾರ ಸಂಜೆ

ಕೀಲೆಣ್ಣೆಯ ಬಗ್ಗೆ ಒಂದು ಮಾತು. ಮಲಯಾಳದಲ್ಲಿ ಡಾಮರಿಗೆ ಕೀಲ್ ಎನ್ನುತ್ತಾರೆ. ನಮ್ಮ ಕಡೆ ಎರಡೂ ಭಾಷೆ ಕಿವಿಗೆ ಬೀಳುವುದರಿಂದ ನನಗೆ ಮೊದಲಿನಿಂದಲೂ ಅನುಮಾನ. ಕೀಲೆಣ್ಣೆಯ ಕೀಲು ಗಾಡಿಯ ಕೀಲೋ, ಡಾಮರಿನ ಕೀಲೋ? ಕಪ್ಪಗೆ, ಮಂದಗೆ, ಅಂಟಂಟಾಗಿ ಇರುತ್ತಿದ್ದದ್ದು ತಾನೇ ಅದು.

ಕಟಪಾಡಿಯಿಂದ, ಸೋಮವಾರ ಸಂಜೆ

ಅಲ್ಲ. ಕಡೆಗೀಲಿನ ಕೀಲು. ಅನುಮಾನಕ್ಕೆ ಜಾಗವೇ ಇಲ್ಲ.

ಸುರತ್ಕಲ್‌ನವರು ಮೆಕ್ಯಾನಿಕ್ ಹೇಳಿದ್ದೇ ವೇದ ಎನ್ನುತ್ತಾರೆ. ಮಣಿಪಾಲದವರು ಸಂಸ್ಕೃತದ ಗುಳಿಗೆ ನುಂಗಿಸುತ್ತಾರೆ. ನಡುವೆ ಕನ್ನಡ ಎಲ್ಲಿ ಹೋಯಿತು? ಬಂದ ಬಂದ ಪದಕ್ಕೆಲ್ಲ ಬಾಗಿಲು ತೆಗೆದರೆ ನಮ್ಮದು ಎನ್ನುವುದು ಏನು ಉಳಿಯುತ್ತದೆ?

ಸುರತ್ಕಲ್‌ನಿಂದ, ಸೋಮವಾರ ರಾತ್ರಿ

ಮಣಿಪಾಲದವರಿಗೆ ಮೊದಲು. ಗ್ಯಾರೇಜಿನ ಗೋಡೆಯ ಮೇಲೆ ‘ಸ್ನಿಗ್ಧತೆ’! ಸ್ನಿಗ್ಧ, ಸ್ನೇಹ ಎರಡೂ ಒಂದೇ ಬೇರು. ಸಂಸ್ಕೃತದಲ್ಲಿ ಸ್ನೇಹ ಎಂದರೆ ಎಣ್ಣೆ ಜಿಡ್ಡೂ ಹೌದು. ಸುತ್ತು ಹಾಕಿ ನೀವೂ ಮಾಷ್ಟ್ರ ಗಾಣಕ್ಕೇ ಬಂದಿರಿ. ‘ದಪ್ಪ’ ಎಂದರೆ ಎಲ್ಲರಿಗೂ ತಿಳಿಯುತ್ತದೆ. ಶೀತಕ ಎಂದರೆ ನಮ್ಮ ಅಮ್ಮ ನೆಗಡಿ ಮಾತ್ರೆ ಅಂದುಕೊಳ್ಳುತ್ತಾರೆ.

ಇನ್ನು ಮಾಷ್ಟ್ರ ಬಾಗಿಲಿನ ವಿಷಯ. ಆಯಿಲ್ ತುಂಬಿ ಬರುವ ಪೀಪಾಯಿ ಪೋರ್ಚುಗೀಸರದ್ದು. ಹಳೆ ಆಯಿಲ್ ಇಳಿಸುವ ಬಾಲ್ದಿ ಅವರದ್ದು. ಗಾಡಿಯ ಚಾವಿ ಅವರದ್ದು. ಗ್ಯಾರೇಜು ಕಟ್ಟಿದ ಮೇಸ್ತ್ರಿಯೂ ಅವರದ್ದೇ. ಈ ಕರಾವಳಿಯಲ್ಲಿ ಕೂತು ಬಾಗಿಲು ಮುಚ್ಚಿ ಎಂದರೆ ಹೇಗೆ ಮಾರಾಯ್ರೇ, ಜನೆಲೂ ಪೋರ್ಚುಗೀಸ್!

ಕಟಪಾಡಿಯಿಂದ, ಸೋಮವಾರ ರಾತ್ರಿ

ಅವು ನಮ್ಮ ನಾಲಗೆಗೆ ಪಳಗಿದವು. ಆಯಿಲ್ ಪಳಗಿಲ್ಲ.

ಸುರತ್ಕಲ್‌ನಿಂದ, ಸೋಮವಾರ ರಾತ್ರಿ

ಆಯಿಲು, ಆಯಿಲಿಗೆ, ಆಯಿಲಿನ, ಆಯಿಲಿನಲ್ಲಿ. ಎಲ್ಲ ವಿಭಕ್ತಿಯೂ ಹತ್ತುತ್ತದೆ. ಇನ್ನೆಷ್ಟು ಪಳಗಬೇಕು? ಕಿಟೆಲ್ ತೆಗೆದು ನೋಡಿ ಎಂದು ಮಾತ್ರ ಹೇಳಬೇಡಿ. 1894ರಲ್ಲಿ ಆ ನಿಘಂಟು ನಮ್ಮ ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲಿ ಅಚ್ಚಾಗುವಾಗ ಈ ಊರಿನಲ್ಲಿ ಕಾರು ಕಂಡವರೇ ಇರಲಿಲ್ಲ.

ಕುಂದಾಪುರದಿಂದ, ಮಂಗಳವಾರ ಬೆಳಿಗ್ಗೆ

ಪೈಂಟರ್ ಬಪ್ದ್ ನಾಳೆ ಅಂದ್ ಯಾರಿಗಾರೂ ನೆನಪಿತ್ತಾ?

ಮಲ್ಪೆಯಿಂದ, ಮಂಗಳವಾರ ಮಧ್ಯಾಹ್ನ

ಅದನ್ನೇ ನಾನೂ ಹೇಳಬೇಕೆಂದಿದ್ದೆ. ಉಪಕಾರವಾಯಿತು.

ಲೋಟದ ಪರೀಕ್ಷೆ ಮಾಡಿ ತೋರಿಸಿದೆ. ಎರಡು ಗಾಜಿನ ಲೋಟ, ಒಂದರಲ್ಲಿ ಬ್ರೇಕಿನದ್ದು, ಇನ್ನೊಂದರಲ್ಲಿ ಎಂಜಿನ್ ಆಯಿಲ್. ಹುಡುಗ ಲೋಟ ಎತ್ತಿ ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದ. “ಹಂಗಾರ ಇದು ಎಣ್ಣಿ ಅಲ್ಲ, ನೀರೂ ಅಲ್ಲ. ಏನಿದು?” ಎಂದು ಕೇಳಿದ. ಇಲ್ಲಿ ಎರಡು ದಿನ ಯಾರೂ ಇಷ್ಟು ಸರಿಯಾಗಿ ಕೇಳಿರಲಿಲ್ಲ, ನಾನೂ ಸೇರಿ.

‘ರಸ’ ಎಂದು ಮಾಡಿದರೆ ಹೇಗೆ ಎಂದು ಒಮ್ಮೆ ಅನ್ನಿಸಿತು. ಪಾದರಸ ಇದೆಯಲ್ಲ, ಎಣ್ಣೆಯೂ ಅಲ್ಲ, ನೀರೂ ಅಲ್ಲ. ಭಾವ ಕೇಳಿ, “ಬ್ರೇಕ್ ಸಾರು ಅಂತ ಬರೆ, ಅನ್ನ ನಾನು ತರ್ತೇನೆ” ಎಂದರು. ಅದು ಅಲ್ಲಿಗೆ ಮುಗಿಯಿತು.

ಹೀಗೆ ಬರೆಸುತ್ತಿದ್ದೇನೆ: ಎಂಜಿನ್ ಆಯಿಲ್ 15ಡಬ್ಲ್ಯೂ-40. ಗೇರ್ ಆಯಿಲ್ ಜಿಎಲ್-4. ಕ್ರೌನ್ ಆಯಿಲ್ ಜಿಎಲ್-5. ಕೂಲೆಂಟ್, ಬಾವಿ ನೀರು ಬೇಡ. ಗ್ರೀಸ್. ಇವೆಲ್ಲ ಕಪ್ಪು ಅಕ್ಷರ. ಕೆಳಗೆ ಬೇರೆಯಾಗಿ, ಕೆಂಪಿನಲ್ಲಿ: ‘ಬ್ರೇಕ್ ದ್ರವ, ಡಾಟ್ 4. ಎಣ್ಣೆ ಹಾಕಬೇಡಿ. ನೀರು ಹಾಕಬೇಡಿ.’ ಇಡೀ ಬೋರ್ಡಿನಲ್ಲಿ ಕೆಂಪು ಸಾಲು ಅದೊಂದೇ, ಕಣ್ಣಿಗೆ ಹೊಡೆಯಬೇಕು. ಮಾಷ್ಟ್ರೇ, ಎಣ್ಣೆ ಪದ ಬೇಡ ಎಂಬ ಕಡೆಯೇ ಬಂದಿದೆ, ಕೋಪ ಮಾಡಬೇಡಿ.

ಕಟಪಾಡಿಯಿಂದ, ಮಂಗಳವಾರ ಮಧ್ಯಾಹ್ನ

ಕೋಪವೇನಿಲ್ಲ. ಕೀಲೆಣ್ಣೆ ಬರೆಯಬಹುದಿತ್ತು.

ಮಲ್ಪೆಯಿಂದ, ಬುಧವಾರ ಸಂಜೆ

ಬೋರ್ಡು ಮುಗಿಯಿತು. ನಾನು ಶಾಲೆಯಿಂದ ಬರುವಷ್ಟರಲ್ಲಿ ಗೋಡೆಗೆ ಹೊಡೆದೂ ಆಗಿತ್ತು. ಎಲ್ಲ ಸರಿ ಇದೆ. ಕೆಂಪು ಸಾಲಿನಲ್ಲಿ ಮಾತ್ರ ಪೈಂಟರ್ ‘ಬ್ರೇಕ್ ದ್ರವ್ಯ’ ಎಂದು ಬರೆದಿದ್ದಾನೆ. ಚೀಟಿಯಲ್ಲಿ ಸರಿಯಾಗಿಯೇ ಇತ್ತು. ಹಳೆ ಬೋರ್ಡುಗಳಲ್ಲಿ ಪೂಜಾ ದ್ರವ್ಯ ಬರೆದು ಬರೆದು ಕೈ ತಾನಾಗಿ ಹೋಯಿತಂತೆ.

ಕಟಪಾಡಿಯಿಂದ, ಬುಧವಾರ ಸಂಜೆ

ದ್ರವ್ಯ ಎಂದರೆ ಹಣವೂ ಹೌದು. ಬಿರಿನೀರಿನಲ್ಲಿ ಒತ್ತಕ್ಷರವೇ ಇರಲಿಲ್ಲ.

ಮಲ್ಪೆಯಿಂದ, ಬುಧವಾರ ರಾತ್ರಿ

ಭಾವ “ಇರಲಿ ಬಿಡು, ಹಣ ಬರುವುದೂ ಬ್ರೇಕಿನಿಂದಲೇ” ಎನ್ನುತ್ತಿದ್ದಾರೆ. ನನಗೆ ನಿದ್ದೆ ಬರುವುದಿಲ್ಲ. ಒಣಗಿದ ಎನಾಮಲ್‌ನಲ್ಲಿ ಒಂದು ಯಕಾರ ಮಾತ್ರ ಅಳಿಸುವುದು ಹೇಗೆ? ಯಾರಿಗಾದರೂ ಗೊತ್ತಾ?

ಮಣಿಪಾಲದಿಂದ, ಬುಧವಾರ ರಾತ್ರಿ

ಸುಲಭ. ಹಳೆ ಬಟ್ಟೆಗೆ ಸ್ವಲ್ಪ ಬ್ರೇಕ್ ಆಯಿಲ್ ಅದ್ದಿ ಆ ಅಕ್ಷರದ ಮೇಲೆ ಇಟ್ಟು ಬಿಡಿ. ಬೆಳಿಗ್ಗೆಗೆ ಪೈಂಟು ಎದ್ದು ಬರುತ್ತದೆ.